ಎರಡು ಪಾತ್ರೆಯ ಟೀ

ಗುಮಟಾಪುರದಂಥ ಊರಿನ ಕೇಳುಗರ ಮುಂದೆ ಹಾಲಿಲ್ಲದ ಟೀಯ ಪರವಾಗಿ ಮಾತಾಡುವುದು ಸುಲಭವಲ್ಲ. ತಮಿಳುನಾಡಿನ ತಾಳವಾಡಿ ಬೆಟ್ಟಸೀಮೆಯ ಈ ಕನ್ನಡದ ಊರು ದೀಪಾವಳಿಯ ಬೆನ್ನಿಗೇ ಗೊರೆ ಹಬ್ಬ ಮಾಡುತ್ತದೆ. ಕೊಟ್ಟಿಗೆಗಳಿಂದ ಸಗಣಿ ತಂದು ಬೀರೇಶ್ವರನ ಗುಡಿಯ ಬಳಿ ರಾಶಿ ಹಾಕುತ್ತಾರೆ, ಪೂಜೆ ಮಾಡುತ್ತಾರೆ, ಉಂಡೆ ಕಟ್ಟಿ ಒಬ್ಬರ ಮೇಲೊಬ್ಬರು ಎಸೆದು ಆಡುತ್ತಾರೆ. ಗಡಿಯಾಚೆಯ ಚಾಮರಾಜನಗರದ ಕಡೆಯಿಂದಲೂ ಜನ ಬಂದು ಸೇರುತ್ತಾರೆ. ದನದ ಸಗಣಿಗೇ ಇಷ್ಟು ಮರ್ಯಾದೆ ಇರುವ ಕಡೆ ಹಾಲಿನ ಮರ್ಯಾದೆ ಎಷ್ಟೆಂದು ಬೇರೆ ಹೇಳಬೇಕಿಲ್ಲ. ಅಂಥ ಮನೆಗಳಲ್ಲಿ ಟೀ ಎಂದರೆ ಹಾಲು, ಸಕ್ಕರೆ, ಪುಡಿ ಮೂರನ್ನೂ ಒಂದೇ ಪಾತ್ರೆಗೆ ಹಾಕಿ ಉಕ್ಕುಕ್ಕಿ ಬರುವಂತೆ ಕುದಿಸಿದ್ದು. ಅದನ್ನು ಯಾರೂ ಬಿಡಬೇಕಿಲ್ಲ. ನಾನು ಹೇಳಹೊರಟಿರುವುದು ಬೇರೆ. ದಿನದ ಎರಡು ಮೂರು ಟೀಗಳಲ್ಲಿ ಒಂದನ್ನಾದರೂ ತುರ್ಕಿಯ ಮನೆಗಳಲ್ಲಿ ಮಾಡುವ ಹಾಗೆ ಮಾಡಿ ಕುಡಿಯುವುದು ಒಳ್ಳೆಯದು. ಅಂದರೆ ಒಂದರ ಮೇಲೊಂದು ಎರಡು ಪಾತ್ರೆ ಇಟ್ಟು, ಮೇಲಿನದರಲ್ಲಿ ಗಟ್ಟಿ ಡಿಕಾಕ್ಷನ್, ಕೆಳಗಿನದರಲ್ಲಿ ಬರೀ ಬಿಸಿನೀರು, ಎರಡನ್ನೂ ಕುಡಿಯುವವರ ಲೋಟದಲ್ಲಿ ಬೆರೆಸುವುದು. ಹೀಗೆ ಮಾಡಿದರೆ ಎಲೆಗೆ ನ್ಯಾಯ ಸಿಗುತ್ತದೆ, ಕುಡಿಯುವವರಿಗೆ ತಮ್ಮ ಹದ ತಮ್ಮ ಕೈಗೆ ಸಿಗುತ್ತದೆ, ನಮ್ಮ ಪಕ್ಕದ ಬೆಟ್ಟದಲ್ಲೇ ಬೆಳೆಯುವ ಬೆಳೆಯ ರುಚಿ ನಮಗೂ ಗೊತ್ತಾಗುತ್ತದೆ. ಟೀ ಗಟ್ಟಿಯಾಗುವುದು ಬೇರೆ, ಟೀ ಚೆನ್ನಾಗಿರುವುದು ಬೇರೆ. ಕುದಿಸುವ ಅಭ್ಯಾಸದಲ್ಲಿ ಈ ಎರಡೂ ಒಂದೇ ಎಂದು ನಾವು ನಂಬಿಬಿಟ್ಟಿದ್ದೇವೆ.

ಮೊದಲು ಮಾಡುವ ಬಗೆ. ತುರ್ಕಿಯವರು ಇದಕ್ಕಾಗಿಯೇ ಚಾಯ್ದಾನ್ಲಿಕ್ ಎಂಬ ಜೋಡಿ ಕೆಟಲು ಇಟ್ಟುಕೊಳ್ಳುತ್ತಾರೆ. ಕೆಳಗೆ ದೊಡ್ಡದು, ಅದರ ಬಾಯಿಯ ಮೇಲೆ ಮುಚ್ಚಳದ ಹಾಗೆ ಕೂರುವ ಚಿಕ್ಕದು. ನಮ್ಮ ಅಡುಗೆಮನೆಯಲ್ಲಿ ಅದು ಇರಬೇಕೆಂದೇನೂ ಇಲ್ಲ. ಕೆಳಗೆ ಒಂದು ಸ್ಟೀಲ್ ಪಾತ್ರೆ, ಅದರ ಬಾಯಿಗೆ ಸರಿಯಾಗಿ ಕೂರುವ ಇನ್ನೊಂದು ಚಿಕ್ಕ ಸ್ಟೀಲ್ ಪಾತ್ರೆ, ಅದಕ್ಕೊಂದು ಮುಚ್ಚಳ, ಇಷ್ಟಿದ್ದರೆ ಸಾಕು. ಮೇಲಿನದು ಪಿಂಗಾಣಿಯ ಟೀ ಪಾಟ್ ಆದರೆ ಇನ್ನೂ ಒಳ್ಳೆಯದು. ಅಲ್ಯೂಮಿನಿಯಂ ಮಾತ್ರ ಬೇಡ. ಕೆಳಗಿನ ಪಾತ್ರೆಗೆ ಒಂದು ಲೀಟರ್ ನೀರು. ಮೇಲಿನದಕ್ಕೆ 15 ಗ್ರಾಂ ಟೀ ಎಲೆ, ಅಂದರೆ ಆರೇಳು ಚಿಕ್ಕ ಚಮಚ. ಎಲೆಯ ಮೇಲೆ ಒಂದಿಷ್ಟು ತಣ್ಣೀರು ಸುರಿದು ತಕ್ಷಣ ಬಸಿದುಬಿಟ್ಟರೆ ಅದರಲ್ಲಿರುವ ಧೂಳು ಹೋಗುತ್ತದೆ. ತುರ್ಕಿಯಲ್ಲಿ ಬಹಳ ಮನೆಗಳಲ್ಲಿ ಹೀಗೆ ಮಾಡುತ್ತಾರೆ. ಬಸಿದ ಎಲೆಯ ಪಾತ್ರೆಯನ್ನು ಕೆಳಗಿನ ಪಾತ್ರೆಯ ಮೇಲಿಟ್ಟು ಒಲೆ ಹಚ್ಚಬೇಕು. ನೀರು ಕಾಯುತ್ತ ಬಂದ ಹಾಗೆ ಹಬೆಯ ಬಿಸಿಗೆ ಎಲೆ ಮೆತ್ತಗಾಗಿ ವಾಸನೆ ಬಿಡಲು ತೊಡಗುತ್ತದೆ. ನೀರು ಚೆನ್ನಾಗಿ ಕುದಿ ಬಂದಾಗ ಅದರಲ್ಲಿ 300 ಮಿಲಿಲೀಟರ್‌ನಷ್ಟು ತೆಗೆದು ಎಲೆಯ ಮೇಲೆ ಹುಯ್ಯಬೇಕು, ಮುಚ್ಚಬೇಕು, ಮತ್ತೆ ಮೇಲಿಡಬೇಕು, ಉರಿಯನ್ನು ಆದಷ್ಟು ಸಣ್ಣ ಮಾಡಬೇಕು. ಆಮೇಲೆ ಹನ್ನೆರಡು ಹದಿನೈದು ನಿಮಿಷ ಅದರ ತಂಟೆಗೆ ಹೋಗಬಾರದು, ಕಲಕಲೂ ಬಾರದು. ಹಾಕಿದ ಹೊತ್ತಿಗೆ ಎಲೆಯೆಲ್ಲ ಮೇಲೆ ತೇಲುತ್ತಿರುತ್ತದೆ. ನೀರು ಕುಡಿದು ಬಿಚ್ಚಿಕೊಂಡ ಹಾಗೆ ಒಂದೊಂದಾಗಿ ತಳಕ್ಕೆ ಇಳಿಯುತ್ತದೆ. ಬಹುಪಾಲು ಇಳಿದಿದೆ ಎಂದರೆ ಡಿಕಾಕ್ಷನ್ ಆಯಿತೆಂದು ಲೆಕ್ಕ. ಗಾಜಿನ ಲೋಟಕ್ಕೆ ಮೂರನೇ ಒಂದು ಪಾಲು ಡಿಕಾಕ್ಷನ್ ಸೋಸಿ, ಉಳಿದದ್ದು ಕೆಳಗಿನ ಪಾತ್ರೆಯ ಬಿಸಿನೀರು. ಬೆಳಕಿಗೆ ಹಿಡಿದರೆ ಮಾಣಿಕ್ಯದ ಕೆಂಪು ಕಾಣಬೇಕು, ಲೋಟದ ಆಚೆ ಬದಿಯ ಬೆರಳು ಕಾಣಬೇಕು. ಮಸುಕಾಗಿದ್ದರೆ ಎಲ್ಲೋ ಕುದಿದಿದೆ ಎಂದೇ ಅರ್ಥ. ನೂರು ಮಿಲಿಲೀಟರ್ ಹಿಡಿಯುವ ಏಳು ಲೋಟ ಇದರಲ್ಲಿ ಆಗುತ್ತದೆ.

ಈ ಮೇಲಿನ ಪಾತ್ರೆ ಕುದಿಯಬಾರದು ಎನ್ನುವುದರಲ್ಲೇ ಇಡೀ ಪದ್ಧತಿಯ ಗುಟ್ಟಿದೆ. ಟೀ ಎಲೆಯಿಂದ ನೀರಿಗೆ ಇಳಿಯುವ ಪದಾರ್ಥಗಳೆಲ್ಲ ಒಂದೇ ವೇಗದಲ್ಲಿ ಇಳಿಯುವುದಿಲ್ಲ. ಚುರುಕು ಕೊಡುವ ಕೆಫೀನ್ ಬಿಸಿನೀರು ಬಿದ್ದ ಮೊದಲ ಕೆಲವು ನಿಮಿಷಗಳಲ್ಲೇ ಬಹುಪಾಲು ಇಳಿದುಬಿಡುತ್ತದೆ. ಬಣ್ಣಕ್ಕೂ ನಾಲಗೆಯ ಮೇಲಿನ ಚುರುಕಿಗೂ ಕಾರಣವಾದ ಥಿಯಾಫ್ಲೇವಿನ್, ಥಿಯಾರುಬಿಜಿನ್ ಎಂಬವು ಸ್ವಲ್ಪ ನಿಧಾನ. ಎಲೆಯನ್ನು ಬಾಡಿಸಿ, ಹೊಸೆದು, ಗಾಳಿಗೆ ಹರಡಿದಾಗ ಅದರೊಳಗಿನ ಹಸಿ ಒಗರು ಮಾಗಿ ಹುಟ್ಟುವ ಪದಾರ್ಥಗಳು ಇವು. ಒಣ ಒಗರು ಕೊಡುವ ಉಳಿದ ಪಾಲಿಫಿನಾಲ್‌ಗಳು ಹೊತ್ತು ಹೋದಷ್ಟೂ, ಬಿಸಿ ಏರಿದಷ್ಟೂ ಇಳಿಯುತ್ತಲೇ ಇರುತ್ತವೆ. ಇನ್ನು ಪರಿಮಳ. ಅದು ಬೇಗ ಆವಿಯಾಗುವ ಎಣ್ಣೆಯಂಥ ಪದಾರ್ಥಗಳಿಂದ ಬರುವುದು. ಪಾತ್ರೆ ಬಾಯಿ ತೆರೆದು ಕುದಿಯುತ್ತಿದ್ದರೆ ಅದು ನೇರ ಮಾಳಿಗೆಗೆ ಹೋಗುತ್ತದೆ. ಟೀ ಕುದಿಯುವಾಗ ಬೀದಿಗೆಲ್ಲ ಘಮ್ಮೆನ್ನುತ್ತದೆ ಎಂದು ನಾವು ಹಿಗ್ಗುತ್ತೇವೆ. ಬೀದಿಗೆ ಹೋದ ಪರಿಮಳ ಲೋಟದಲ್ಲಿ ಇರುವುದಿಲ್ಲ. ಹಾಗಾಗಿ ಕುದಿಸುವುದೆಂದರೆ ಹೋಗಬೇಕಾದ ಒಗರನ್ನು ಉಳಿಸಿಕೊಂಡು, ಉಳಿಯಬೇಕಾದ ಪರಿಮಳವನ್ನು ಕಳೆದುಕೊಳ್ಳುವುದು. ಆ ಒಗರನ್ನು ತಾಳಿಕೊಳ್ಳಲೆಂದೇ ಹಾಲು ಬೇಕಾಗುತ್ತದೆ, ಹಾಲಿನ ಕೇಸಿನ್ ಎಂಬ ಸಸಾರಜನಕ ಒಗರಿನ ಪದಾರ್ಥಗಳನ್ನು ಕಟ್ಟಿಹಾಕುತ್ತದೆ. ಆಮೇಲೆ ಆ ಹಾಲನ್ನು ದಾಟಿ ರುಚಿ ಬರಲೆಂದು ಇನ್ನಷ್ಟು ಪುಡಿ, ಅದನ್ನು ಮುಚ್ಚಲು ಇನ್ನಷ್ಟು ಸಕ್ಕರೆ. ಹಬೆಯ ಮೇಲೆ ಕೂತ ಪಾತ್ರೆಯಲ್ಲಿ ಈ ಸುತ್ತು ಶುರುವಾಗುವುದೇ ಇಲ್ಲ. ಕೆಳಗೆ ನೀರು ಕುದಿಯುತ್ತಿದ್ದರೂ ಮೇಲಿನದರ ಬಿಸಿ ಕುದಿಯ ಮಟ್ಟಕ್ಕೆ ಮುಟ್ಟದೆ ಅದರ ಹತ್ತಿರದಲ್ಲೇ ನಿಲ್ಲುತ್ತದೆ, ಮುಚ್ಚಳ ಪರಿಮಳವನ್ನು ಹಿಡಿದಿಡುತ್ತದೆ. ಬೆಟ್ಟದ ಮೇಲಿನವರಿಗೆ ಇನ್ನೊಂದು ಮಾತು ಹೇಳಬೇಕು. ಪ್ರತಿ 300 ಮೀಟರ್ ಮೇಲೇರಿದ ಹಾಗೆ ನೀರು ಕುದಿಯುವ ಬಿಸಿ ಸುಮಾರು 1 ಡಿಗ್ರಿ ಇಳಿಯುತ್ತದೆ. ಊಟಿಯಲ್ಲಿ ನೀರು 93 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಅಂಥ ಕಡೆ ಎರಡು ನಿಮಿಷ ನೆನೆಸಿ ತೆಗೆದ ಟೀ ಸಪ್ಪೆಯಾಗುವುದು ಸಹಜ. ಹಬೆಯ ಆಸರೆಯಲ್ಲಿ ಕಾಲು ಗಂಟೆ ಬಿಸಿ ಇಳಿಯದಂತೆ ಕಾಯುವ ಪದ್ಧತಿ ಬೆಟ್ಟದ ಮನೆಗಳಿಗೆ ಹೆಚ್ಚು ಹೊಂದುತ್ತದೆ.

ಇದೆಲ್ಲ ತುರ್ಕಿಯವರ ಅನಾದಿಕಾಲದ ಸಂಪ್ರದಾಯ, ಅವರಿಗೆ ಸರಿ, ನಮಗೆ ಎಲ್ಲಿ ಒಗ್ಗೀತು ಎಂದು ಕೇಳಬಹುದು. ಅವರಿಗೂ ಇದು ತೀರ ಹಳೆಯದಲ್ಲ. ತುರ್ಕಿ ಮೂಲದಲ್ಲಿ ಕಾಫಿಯ ನಾಡು. ಹದಿನಾರನೆಯ ಶತಮಾನದ ನಡುವೆಯೇ ಇಸ್ತಾಂಬುಲ್‌ನಲ್ಲಿ ಕಾಫಿ ಮನೆಗಳು ತೆರೆದಿದ್ದವು, ಬೀಜ ಬರುತ್ತಿದ್ದುದು ಯೆಮೆನ್‌ನಿಂದ. ಬಾಬಾ ಬುಡನ್ ಚಂದ್ರದ್ರೋಣ ಪರ್ವತಕ್ಕೆ ಕಾಫಿ ಬೀಜ ತಂದರೆಂದು ನಾವು ಹೇಳಿಕೊಳ್ಳುವುದೂ ಅದೇ ಯೆಮೆನ್‌ನಿಂದಲೇ. ಮೊದಲ ಮಹಾಯುದ್ಧದಲ್ಲಿ ಉಸ್ಮಾನಿ ಸಾಮ್ರಾಜ್ಯ ಒಡೆದು ಯೆಮೆನ್ ಕೈತಪ್ಪಿತು, ಕಾಫಿ ಹೊರಗಿನಿಂದ ತರಿಸುವ ದುಬಾರಿ ಪದಾರ್ಥವಾಯಿತು. ಹೊಸ ಗಣರಾಜ್ಯ 1924ರಲ್ಲಿ ಒಂದು ಕಾನೂನು ಮಾಡಿ ಕಪ್ಪು ಸಮುದ್ರದ ದಂಡೆಯ ರಿಜೆ ಸೀಮೆಯಲ್ಲಿ ಟೀ ಬೆಳೆಸಲು ಮುಂದಾಯಿತು. ಜಿಹ್ನಿ ದೆರಿನ್ ಎಂಬ ಕೃಷಿತಜ್ಞರು ಗಡಿಯಾಚೆಯ ಬಟೂಮಿಯಿಂದ ಬಿತ್ತನೆ ತರಿಸಿ ಈ ಕೆಲಸಕ್ಕೆ ಬೆನ್ನಾಗಿ ನಿಂತರು. ಮೊದಲ ಟೀ ಕಾರ್ಖಾನೆ ರಿಜೆಯಲ್ಲಿ ತೆರೆದದ್ದು 1947ರಲ್ಲಿ, ಸರ್ಕಾರದ ಟೀ ಸಂಸ್ಥೆ ಚಾಯ್‌ಕುರ್ ಹುಟ್ಟಿದ್ದು 1971ರಲ್ಲಿ. ಅಂದರೆ ನೀರು ಕಾಯಿಸುವ ರಷ್ಯದ ಪಾತ್ರೆ ಸಮೋವರ್‌ನಿಂದ ಪಾಠ ಕಲಿತ ಈ ಎರಡು ಪಾತ್ರೆಯ ಟೀ ತುರ್ಕಿಯ ಮನೆಮನೆಗೂ ಇಳಿದದ್ದು ಎರಡು ಮೂರು ತಲೆಮಾರಿನೊಳಗೆ. ಇವತ್ತು ತಲೆಗೆ ಇಷ್ಟು ಎಂದು ಲೆಕ್ಕ ಹಾಕಿದರೆ ಜಗತ್ತಿನಲ್ಲಿ ಅತಿ ಹೆಚ್ಚು ಟೀ ಕುಡಿಯುವವರು ಅವರೇ. ಒಬ್ಬೊಬ್ಬರಿಗೆ ವರ್ಷಕ್ಕೆ ಮೂರು ಕಿಲೋಗೂ ಮಿಕ್ಕಿ ಟೀ ಬೇಕು. ಟೀಯ ದೇಶವೆಂದು ಹೆಸರಾದ ನಮ್ಮಲ್ಲಿ ಅದು ಒಂದು ಕಿಲೋ ಮುಟ್ಟುವುದಿಲ್ಲ. ಕಾಫಿಯಲ್ಲಿ ಮುಳುಗಿದ್ದ ಒಂದು ನಾಡು ಒಂದು ಹೊಸ ಪದ್ಧತಿಯನ್ನು ಇಷ್ಟು ಬೇಗ ತನ್ನದಾಗಿಸಿಕೊಂಡಿತೆಂದರೆ ಆ ಪದ್ಧತಿಯಲ್ಲಿ ಮನೆಬಳಕೆಗೆ ಹೊಂದುವ ಗುಣ ಇರಲೇಬೇಕು. ಆ ಗುಣ ಯಾವುದೆಂದರೆ, ಅದು ಜನ ಬಂದು ಹೋಗುವ ಮನೆಗೆ ಹೇಳಿ ಮಾಡಿಸಿದ್ದು. ಒಬ್ಬರು ಗದ್ದೆಯಿಂದ ಈಗ ಬರುತ್ತಾರೆ, ಇನ್ನೊಬ್ಬರು ಹತ್ತು ನಿಮಿಷ ಬಿಟ್ಟು. ಒಬ್ಬರಿಗೆ ಗಟ್ಟಿ ಬೇಕು, ಅಜ್ಜಿಗೆ ತೆಳ್ಳಗೆ ಇರಬೇಕು. ಪ್ರತಿಯೊಬ್ಬರಿಗೂ ಬೇರೆ ಬೇರೆ ಕಾಯಿಸುವ ಕೆಲಸವಿಲ್ಲ.

ಹಾಗೆ ನೋಡಿದರೆ ಈ ವಿದ್ಯೆ ನಮಗೆ ಹೊಸದೂ ಅಲ್ಲ. ಮೈಸೂರು ಸೀಮೆಯ ಕಾಫಿ ಫಿಲ್ಟರ್ ಎಂದರೇನು? ಒಂದರ ಮೇಲೊಂದು ಕೂರುವ ಎರಡು ಪಾತ್ರೆ. ಮೇಲೆ ಪುಡಿ, ಕೆಳಗೆ ಇಳಿಯುವ ಡಿಕಾಕ್ಷನ್. ಆಮೇಲೆ ಲೋಟದಲ್ಲಿ ಅವರವರ ಹದಕ್ಕೆ ಬೆರೆಸುವುದು. ಕಾಫಿ ಪುಡಿಯನ್ನು ಹಾಲಿನಲ್ಲಿ ಹಾಕಿ ಕೊತಕೊತ ಕುದಿಸಿದರೆ ಫಿಲ್ಟರ್ ಕಾಫಿಯ ಅಭ್ಯಾಸದ ಮನೆಯವರು ಸಹಿಸುವುದಿಲ್ಲ. ಅದೇ ಮನೆಯಲ್ಲಿ ಟೀಗೆ ಆ ಮರ್ಯಾದೆ ಇಲ್ಲ. ತಾಳವಾಡಿ ಇರುವ ತಮಿಳುನಾಡಿನ ಟೀ ಅಂಗಡಿಗಳನ್ನು ನೋಡಿದರಂತೂ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಅಲ್ಲಿ ತಾಮ್ರದ ಇಲ್ಲವೇ ಹಿತ್ತಾಳೆಯ ಬಾಯ್ಲರ್ ಸದಾ ಕಾಯುತ್ತಿರುತ್ತದೆ. ಅದರ ತಲೆಯ ಮೇಲೆ ಹಾಲಿನ ಪಾತ್ರೆ ಹಬೆಯ ಬಿಸಿಗೇ ಕೂತಿರುತ್ತದೆ, ಬಟ್ಟೆಯ ಸೋಸುಚೀಲದಲ್ಲಿ ಟೀ ಪುಡಿ ಇರುತ್ತದೆ. ಮಾಸ್ಟರ್ ಬಾಯ್ಲರಿನ ನೀರನ್ನು ಪುಡಿಯ ಮೇಲೆ ಹಾಯಿಸಿ ಡಿಕಾಕ್ಷನ್ ಇಳಿಸುತ್ತಾರೆ, ಲೋಟದಲ್ಲಿ ಹಾಲು ಬೆರೆಸಿ ಎತ್ತಿ ಆಡಿಸಿ ಕೊಡುತ್ತಾರೆ. ಪುಡಿ ಕುದಿಯುವ ನೀರಿನ ಪಾತ್ರೆಗೆ ಬೀಳುವುದೇ ಇಲ್ಲ. ಗಿರಾಕಿಗೆ ತಕ್ಕ ಹಾಗೆ ‘ಲೈಟ್’, ‘ಸ್ಟ್ರಾಂಗ್’ ಎಂದು ಕೇಳಿ ಕೊಡಲು ಸಾಧ್ಯವಾಗಿರುವುದು ಇದರಿಂದಲೇ. ಅಂಗಡಿಯ ಟೀ ಮನೆಯಲ್ಲಿ ಬರುವುದಿಲ್ಲ ಎಂದು ಕೊರಗುವವರು ಈ ವ್ಯತ್ಯಾಸವನ್ನು ಗಮನಿಸಬೇಕು. ಕುದಿಸಬಾರದೆಂಬ ಉಪದೇಶವೂ ಹೊಸದಲ್ಲ. 1903ರಲ್ಲಿ ಟೀ ತೋಟದವರ ಕೋರಿಕೆಯಂತೆಯೇ ಒಂದು ಸೆಸ್ ಬಂತು, ಆ ಹಣದಿಂದ ದೇಶದೊಳಗೆ ಟೀಯ ಪ್ರಚಾರ ನಡೆಯಿತು. ರೈಲ್ವೆ ಸ್ಟೇಷನ್ನುಗಳಲ್ಲಿ, ಪೇಟೆಗಳಲ್ಲಿ ಟೀ ಮಾಡುವ ಕ್ರಮವನ್ನು ಹಂತಹಂತವಾಗಿ ದೇಶಭಾಷೆಗಳಲ್ಲಿ ಬರೆದ ಫಲಕಗಳು ನಿಂತವು. ಆ ಕ್ರಮವನ್ನು ನಮ್ಮ ಜನ ಒಪ್ಪಲಿಲ್ಲ. ಒಪ್ಪದೆ ಇದ್ದದ್ದಕ್ಕೆ ಕಾರಣವಿದೆ. ಅದು ಇಂಗ್ಲಿಷ್ ಮನೆಯ ಪದ್ಧತಿ. ಪಿಂಗಾಣಿ ಪಾಟು, ಕಪ್ಪು ಸಾಸರು, ಅಳೆದ ನಿಮಿಷ, ಎಲ್ಲರೂ ಒಟ್ಟಿಗೆ ಕೂತು ಕುಡಿಯುವ ಹೊತ್ತು. ಹೊತ್ತು ಮೀರಿದರೆ ಪಾಟಿನ ಟೀ ಆರಿಹೋಗುತ್ತದೆ. ನಮ್ಮ ಮನೆಗಳ ಲಯ ಅದಲ್ಲ. ಇಂಗ್ಲಿಷ್ ಪಾಟು ಸೋತ ಕಡೆ ತುರ್ಕಿಯ ಜೋಡಿ ಪಾತ್ರೆ ನಿಲ್ಲಬಲ್ಲದು ಎಂದು ನಾನು ನಂಬಲು ಇದೇ ಆಧಾರ.

ಇನ್ನು ಎಲೆಯ ವಿಚಾರ. ನನ್ನ ಮಾತಿನ ಹೆಚ್ಚಿನ ಭಾರ ಇಲ್ಲಿದೆ. ನಮ್ಮ ಅಂಗಡಿಗಳಲ್ಲಿ ಸಿಗುವ ಟೀ ಪುಡಿ ಬಹುಪಾಲು ಸಿಟಿಸಿ. ಹಲ್ಲುಗಳಿರುವ ಎರಡು ಉರುಳೆಗಳ ನಡುವೆ ಎಲೆಯನ್ನು ಜಜ್ಜಿ, ಹರಿದು, ಸುರುಳಿ ಮಾಡುವ ಈ ಯಂತ್ರ 1930ರ ದಶಕದ ಆರಂಭದಲ್ಲಿ ಅಸ್ಸಾಮಿನ ತೋಟದಲ್ಲಿ ಬಂತು. ಸಾಸಿವೆ ಕಾಳಿನಂಥ ಆ ಗುಂಡು ಹರಳುಗಳು ನೀರಿಗೆ ಬಿದ್ದ ಕೂಡಲೇ ಬಣ್ಣ ಬಿಡುತ್ತವೆ, ಹಾಲನ್ನು ದಾಟಿ ನಿಲ್ಲುತ್ತವೆ, ಕಿಲೋಗೆ ಹೆಚ್ಚು ಲೋಟ ಕೊಡುತ್ತವೆ. ಬಡವರ ಕೈಗೆ ಟೀ ಮುಟ್ಟಿದ್ದು ಇದರಿಂದ. ಅದನ್ನು ಹೀಗಳೆಯುವುದು ಸರಿಯಲ್ಲ. ಆದರೆ ಎಲೆಯನ್ನು ಹೊಸೆದು ಮಾಡುವ ಹಳೆಯ ಪದ್ಧತಿಯ ಟೀ ಬೇರೆಯೇ ಪದಾರ್ಥ. ಅದನ್ನು ಆರ್ಥಡಾಕ್ಸ್ ಟೀ ಎನ್ನುತ್ತಾರೆ. ಒಣಗಿದಾಗ ಸಣ್ಣ ಕಡ್ಡಿಯ ಹಾಗೆ ಸುರುಳಿ ಸುತ್ತಿಕೊಂಡಿರುತ್ತದೆ, ನೀರಿನಲ್ಲಿ ಮತ್ತೆ ಎಲೆಯಾಗಿ ಬಿಚ್ಚಿಕೊಳ್ಳುತ್ತದೆ. ಡಿಕಾಕ್ಷನ್ ಮುಗಿದ ಮೇಲೆ ಒಂದು ಎಲೆಯನ್ನು ಬೆರಳಲ್ಲಿ ಹಿಡಿದು ಬಿಡಿಸಿದರೆ ಅದರ ನರ, ಗರಗಸದಂಥ ಅಂಚು ಎರಡೂ ಕಾಣುತ್ತವೆ. ಈ ಟೀಗೆ ಜಗತ್ತಿನಲ್ಲಿ ಹೆಸರು ಮಾಡಿದ ಸೀಮೆಗಳಲ್ಲಿ ಒಂದು ನೀಲಗಿರಿ. ಅದು ತಾಳವಾಡಿಗೆ ದೂರದ ನಾಡಲ್ಲ. ನಡುವೆ ಮೋಯಾರ್ ಕಣಿವೆ, ಆಚೆ ಬದಿಯ ಎತ್ತರದಲ್ಲಿ ಕೋತಗಿರಿಯ ಟೀ ತೋಟಗಳು. ಅಲ್ಲಿ ಟೀ ಬೆಳೆಯುವವರಲ್ಲಿ ದೊಡ್ಡ ಪಾಲು ಸಣ್ಣ ಹಿಡುವಳಿಯ ರೈತರು. ಅವರಲ್ಲಿ ಹೆಚ್ಚಿನವರು ಬಡಗರು, ಅವರ ಭಾಷೆ ಕನ್ನಡಕ್ಕೆ ತೀರ ಹತ್ತಿರದ್ದು. ಎರಡು ಎಲೆ, ಒಂದು ಕುಡಿ ಎಂದು ಕಿತ್ತು, ನಾಲ್ಕು ಕಿಲೋಗೂ ಹೆಚ್ಚು ಹಸಿ ಎಲೆ ಕೊಟ್ಟರೆ ಒಂದು ಕಿಲೋ ಟೀ ಆಗುತ್ತದೆ. 1960ರ ದಶಕದಲ್ಲಿ ಅಲ್ಲಿ ಸಹಕಾರಿ ಟೀ ಕಾರ್ಖಾನೆಗಳು ಹುಟ್ಟಿದವು, 1963ರಲ್ಲಿ ಕೂನೂರಿನ ಹರಾಜು ಕೇಂದ್ರ ಬಂತು. ದಶಕಗಳ ಕಾಲ ಆ ಸೀಮೆಯ ಟೀಯ ದೊಡ್ಡ ಗಿರಾಕಿ ಸೋವಿಯತ್ ಒಕ್ಕೂಟ. 1991ರಲ್ಲಿ ಅದು ಒಡೆದ ಮೇಲೆ ಆ ಕೊಳ್ಳುಗ ಕೈಬಿಟ್ಟ, ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಬೆಲೆ ಕುಸಿದು ಸಣ್ಣ ರೈತರು ಕಂಗಾಲಾದರು. ಹಸಿ ಎಲೆಗೆ ನ್ಯಾಯವಾದ ಬೆಲೆ ಬೇಕೆಂಬ ಕೂಗು ಇವತ್ತಿಗೂ ನಿಂತಿಲ್ಲ.

ಇಲ್ಲಿ ರಿಜೆಯನ್ನೂ ಕೋತಗಿರಿಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುವುದು ಉಪಯೋಗಕ್ಕೆ ಬರುತ್ತದೆ. ರಿಜೆಯೂ ಸಣ್ಣ ರೈತರ ಸೀಮೆಯೇ, ಇಳಿಜಾರಿನ ಮಳೆನಾಡೇ. ಅಲ್ಲಿನ ಟೀ ಬಹುಮಟ್ಟಿಗೆ ಅಲ್ಲಿನವರೇ ಕುಡಿದು ಮುಗಿಸುತ್ತಾರೆ. ದೂರದ ದೇಶವೊಂದು ಒಡೆದರೆ ರಿಜೆಯ ರೈತನ ಒಲೆ ಆರುವುದಿಲ್ಲ. ಇದರಲ್ಲಿ ಹೊರಗಿನ ಟೀಯ ಮೇಲೆ ತುರ್ಕಿ ಹಾಕುವ 145 ಶೇಕಡಾ ಆಮದು ಸುಂಕದ ಪಾಲೂ ಇದೆ, ಅದನ್ನು ಮುಚ್ಚಿಟ್ಟು ಮಾತಾಡುವುದು ಸರಿಯಲ್ಲ. ಆದರೆ ಸುಂಕದಿಂದ ಜನರಿಗೆ ರುಚಿ ಕಲಿಸಲಾಗದು. ಎಲೆಯ ಟೀಯನ್ನು ಎಲೆಯಾಗಿಯೇ ಕುಡಿಯುವ ಲಕ್ಷಾಂತರ ಮನೆಗಳಿರುವುದರಿಂದ ಅಲ್ಲಿ ಎಲೆಗೆ ಬೆಲೆ ಇದೆ. ನಮ್ಮಲ್ಲಿ ಎಷ್ಟೇ ಒಳ್ಳೆಯ ಎಲೆ ಬಂದರೂ ಮನೆಯಲ್ಲಿ ಹಾಲಿನೊಂದಿಗೆ ಹತ್ತು ನಿಮಿಷ ಕುದಿಯುತ್ತದೆ ಎಂದ ಮೇಲೆ ಒಳ್ಳೆಯ ಎಲೆಯನ್ನು ಊರ ಅಂಗಡಿಯವರು ಯಾಕೆ ತರಿಸಬೇಕು, ಕಾರ್ಖಾನೆಯವರು ಯಾಕೆ ಮಾಡಬೇಕು, ರೈತ ಎರಡೆಲೆ ಒಂದು ಕುಡಿಯ ಶಿಸ್ತನ್ನು ಯಾಕೆ ಕಾಯಬೇಕು? ಕುಡಿಯುವ ಪದ್ಧತಿ ಬದಲಾಗದೆ ಕೊಳ್ಳುವ ಪದ್ಧತಿ ಬದಲಾಗುವುದಿಲ್ಲ. ನೀಲಗಿರಿಯ ಎಲೆಗೆ ಇನ್ನೊಂದು ಗುಣವೂ ಇದೆ. ಗಟ್ಟಿ ಟೀ ಆರಿದಾಗ ಕೆಫೀನ್ ಮತ್ತು ಪಾಲಿಫಿನಾಲ್‌ಗಳು ಕೂಡಿಕೊಂಡು ಮಸುಕು ಕಟ್ಟುವುದುಂಟು. ನೀಲಗಿರಿಯ ಒಳ್ಳೆಯ ಟೀ ಆರಿದರೂ ತಿಳಿಯಾಗಿ ಉಳಿಯುವುದಕ್ಕೆ ಹೆಸರಾಗಿದೆ. ಲೋಟದ ತಿಳಿಯನ್ನೇ ಕಣ್ಣಿಗಿಟ್ಟುಕೊಂಡ ಈ ಪದ್ಧತಿಗೆ ಅದಕ್ಕಿಂತ ಹೊಂದುವ ಎಲೆ ಹುಡುಕುವುದು ಕಷ್ಟ. ಕರ್ನಾಟಕದೊಳಗಿನವರಿಗೆ ಸಕಲೇಶಪುರದ ಕಡೆಯ ಕಡಮನೆ, ಚಿಕ್ಕಮಗಳೂರಿನ ಕೆಳಗೂರು ತೋಟಗಳ ಟೀಯೂ ಉಂಟು. ಆರ್ಥಡಾಕ್ಸ್ ಎಲೆ ಸಿಗದಿದ್ದರೆ ಸಿಟಿಸಿಯಲ್ಲೇ ಮಾಡಬಹುದು. ಆಗ ಪ್ರಮಾಣ ಅರ್ಧಕ್ಕಿಳಿಸಿ, ಐದಾರು ನಿಮಿಷಕ್ಕೇ ಸೋಸಿಬಿಡಬೇಕು. ಪರಿಮಳ ಅಷ್ಟು ಬರದು, ಒಗರಿಲ್ಲದ ಕೆಂಪು ಟೀ ಅಂತೂ ಬರುತ್ತದೆ.

ಖರ್ಚಿನ ಆಕ್ಷೇಪಣೆಗೆ ಉತ್ತರ ಹೇಳುವುದು ಕಷ್ಟವಲ್ಲ. ಎಲೆ ಟೀ ಕಿಲೋ ಲೆಕ್ಕದಲ್ಲಿ ಪುಡಿಗಿಂತ ದುಬಾರಿ, ನಿಜ. ಏಳು ಲೋಟಕ್ಕೆ 15 ಗ್ರಾಂ ಎಂದರೆ ಲೋಟಕ್ಕೆ ಎರಡು ಗ್ರಾಂ ಚಿಲ್ಲರೆ. ಹಾಲಿನ ಖರ್ಚು ಇಲ್ಲ, ಸಕ್ಕರೆ ಅರ್ಧಕ್ಕೂ ಕಡಿಮೆ ಸಾಕು. ಒಟ್ಟು ಲೆಕ್ಕದಲ್ಲಿ ಹಾಲಿನ ಟೀಗಿಂತ ಇದು ಹೆಚ್ಚಿಗೆ ಬೀಳುವುದಿಲ್ಲ. ಉರುವಲಿನ ಆಕ್ಷೇಪಣೆ ಇದಕ್ಕಿಂತ ಗಟ್ಟಿಯಾದದ್ದು. ಇಪ್ಪತ್ತು ನಿಮಿಷ ಗ್ಯಾಸ್ ಉರಿಸುವುದು ಯಾರಿಗೂ ಹಗುರವಲ್ಲ. ಸೌದೆ ಒಲೆ ಇರುವ ಮನೆಗಳಲ್ಲಿ ಅಡುಗೆ ಮುಗಿದ ಮೇಲೆ ಉಳಿಯುವ ಕೆಂಡವೇ ಸಾಕು. ಸಮೋವರ್ ನಡೆಯುತ್ತಿದ್ದುದೂ ಇದ್ದಿಲಿನ ಇಂಥ ನಿಧಾನದ ಬಿಸಿಯಲ್ಲಿ. ಗ್ಯಾಸಿನವರು ಕುದಿನೀರು ಹುಯ್ದು ಮೂರು ನಾಲ್ಕು ನಿಮಿಷವಾದ ಮೇಲೆ ಒಲೆ ಆರಿಸಿ, ಎರಡು ಪಾತ್ರೆಯನ್ನೂ ದಪ್ಪ ಬಟ್ಟೆಯಿಂದ ಸುತ್ತಿಟ್ಟರೂ ನಡೆಯುತ್ತದೆ. ಮಿಕ್ಕ ಬಿಸಿನೀರು ಫ್ಲಾಸ್ಕಿಗೆ. ಡಿಕಾಕ್ಷನನ್ನು ಮಾತ್ರ ಅರ್ಧ ಗಂಟೆಗಿಂತ ಹೆಚ್ಚು ಎಲೆಯ ಮೇಲೆ ಬಿಡಬಾರದು. ಬೆಳಗಿನ ಡಿಕಾಕ್ಷನನ್ನು ಸಂಜೆ ಬಿಸಿ ಮಾಡಿ ಕುಡಿಯುವುದಂತೂ ಬೇಡವೇ ಬೇಡ.

ನೀರಿನ ಮಾತನ್ನು ಬಿಡುವಂತಿಲ್ಲ, ಬೋರ್‌ವೆಲ್ ನೀರಿನ ಊರುಗಳಲ್ಲಿ ಟೀ ಕೆಡುವುದು ಹೆಚ್ಚಾಗಿ ಇದರಿಂದಲೇ. ಗಡಸು ನೀರಿನಲ್ಲಿರುವ ಸುಣ್ಣದಂಶ ಟೀಯ ಪಾಲಿಫಿನಾಲ್‌ಗಳೊಂದಿಗೆ ಸೇರಿ ಮೇಲೆ ಎಣ್ಣೆಯಂಥ ತೆಳುಪೊರೆ ಕಟ್ಟುತ್ತದೆ, ಕೆಂಪು ಬಣ್ಣವನ್ನು ಕಂದು ಮಾಡುತ್ತದೆ. ಹಾಲಿನ ಟೀಯಲ್ಲಿ ಇದು ಕಾಣುವುದಿಲ್ಲ. ಬರಿಯ ಟೀಯಲ್ಲಿ ಮುಖಕ್ಕೆ ಹೊಡೆದ ಹಾಗೆ ಕಾಣುತ್ತದೆ. ಎರಡು ಪಾತ್ರೆಯ ಪದ್ಧತಿಯಲ್ಲಿ ನೀರು ಎಲೆಗೆ ಬೀಳುವ ಮೊದಲೇ ಕೆಳಗೆ ಕುದಿಯುತ್ತದೆ, ಕುದಿದಾಗ ಆ ಸುಣ್ಣದಲ್ಲಿ ಒಂದು ಪಾಲು ಪಾತ್ರೆಯ ತಳಕ್ಕೆ ಬಿಳಿಯಾಗಿ ಕೂತುಬಿಡುತ್ತದೆ. ಒಂದೆರಡು ನಿಮಿಷ ಹೆಚ್ಚಿಗೆ ಕುದಿಸಿ, ಒಂದು ಗಳಿಗೆ ತಿಳಿಯಾಗಲು ಬಿಟ್ಟು, ತಳ ಕಲಕದಂತೆ ಹುಯ್ದುಕೊಂಡರೆ ವ್ಯತ್ಯಾಸ ಲೋಟದಲ್ಲಿ ಕಾಣುತ್ತದೆ. ಹಿಡಿದಿಟ್ಟ ಮಳೆನೀರು ಇದ್ದರೆ ಇನ್ನೂ ಉತ್ತಮ. ಪೊರೆ ಕಟ್ಟಿದರೆ ಎರಡು ಹನಿ ನಿಂಬೆರಸ ಅದನ್ನು ಕರಗಿಸುತ್ತದೆ, ಬಣ್ಣ ಮಾತ್ರ ತೆಳುವಾಗುತ್ತದೆ.

ಆರೋಗ್ಯದ ಹೆಸರಿನಲ್ಲಿ ಬರುವ ಆಕ್ಷೇಪಣೆಗಳಲ್ಲಿ ಕೆಲವನ್ನು ಒಪ್ಪಲೇಬೇಕು. ಟೀಯಲ್ಲಿರುವ ಟ್ಯಾನಿನ್ ಒಳ್ಳೆಯದಲ್ಲ ಎಂದು ಗಾಂಧೀಜಿ ಬರೆದದ್ದು ಬಹಳ ಮಂದಿಗೆ ಗೊತ್ತು. ಆ ಮಾತು ಹೆಚ್ಚು ತಾಗುವುದು ಕುದಿಸಿ ಕುದಿಸಿ ಕಪ್ಪಾದ ಟೀಗೆ. ಆದರೂ ಹಬೆಯಲ್ಲಿ ಇಳಿಸಿದ ಟೀಯಲ್ಲಿ ಅದು ಇಲ್ಲವೇ ಇಲ್ಲ ಎನ್ನುವಂತಿಲ್ಲ. ಊಟದ ಜೊತೆಗೆ ಟೀ ಕುಡಿದರೆ ಸೊಪ್ಪು, ಕಾಳು, ರಾಗಿಯಿಂದ ಬರುವ ಕಬ್ಬಿಣದಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ರಾಗಿ ಮುದ್ದೆ, ಸೊಪ್ಪಿನ ಸಾರನ್ನೇ ನೆಚ್ಚಿದ ಮನೆಗಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಿಗೆ, ಬಸುರಿಯರಿಗೆ ಇದು ಸಣ್ಣ ವಿಷಯವಲ್ಲ. ತುರ್ಕಿಯವರು ಬೆಳಗಿನ ತಿಂಡಿಯ ಜೊತೆಗೇ ಲೋಟದ ಮೇಲೆ ಲೋಟ ಕುಡಿಯುತ್ತಾರೆ. ಅವರ ಈ ಅಭ್ಯಾಸವನ್ನು ನಾವು ಅನುಸರಿಸಬಾರದು. ಊಟ ತಿಂಡಿಯಾಗಿ ಒಂದು ಗಂಟೆ ಬಿಟ್ಟು ಕುಡಿದರೆ ಆ ತಡೆ ಗಣನೀಯವಾಗಿ ತಗ್ಗುತ್ತದೆ. ಬರಿಹೊಟ್ಟೆಗೆ ಗಟ್ಟಿಯಾಗಿ ಕುಡಿಯುವುದೂ ಬೇಡ. ತೀರ ಸುಡುವ ಟೀಯೂ ಬೇಡ. 65 ಡಿಗ್ರಿಗಿಂತ ಬಿಸಿಯಾದ ಯಾವುದೇ ಪಾನೀಯ ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗುವ ಸಂಭವವಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ಹೇಳಿದೆ. ಅದು ಪಾನೀಯದ ಬಿಸಿಯ ಮಾತು, ಟೀ ಎಲೆಯ ಮೇಲಿನ ಆರೋಪವಲ್ಲ. ತುಟಿಗೆ ಹಿತವಾಗುವಷ್ಟು ಆರಿಸಿ ಕುಡಿಯಬೇಕು. ಇಷ್ಟೆಲ್ಲ ಎಚ್ಚರಿಕೆ ಹಾಲಿನ ಟೀಗೂ ಸಲ್ಲುತ್ತದೆ, ಆದರೆ ಎರಡು ಪಾತ್ರೆಯ ಪದ್ಧತಿಯಲ್ಲಿ ಪಾಲಿಸುವುದು ಸುಲಭ. ಗಟ್ಟಿ ಬೇಡದವರಿಗೆ ಕಾಲು ಪಾಲು ಡಿಕಾಕ್ಷನ್ ಹಾಕಿ ಮಿಕ್ಕದ್ದು ನೀರು ಹುಯ್ದರಾಯಿತು.

ಕೊನೆಗೆ ಉಳಿಯುವುದು ಮರ್ಯಾದೆಯ ಪ್ರಶ್ನೆ, ನನ್ನ ಲೆಕ್ಕದಲ್ಲಿ ಇದೇ ಎಲ್ಲಕ್ಕಿಂತ ದೊಡ್ಡ ಅಡ್ಡಿ. ಹಾಲಿಲ್ಲದ ಟೀ ಎಂದರೆ ಹಾಲಿಗೆ ಗತಿ ಇಲ್ಲದ ಮನೆಯ ಟೀ ಎಂದು ನಮ್ಮವರ ಮನಸ್ಸಿನಲ್ಲಿ ಕೂತಿದೆ. ಬಂದ ನೆಂಟರಿಗೆ ಅದನ್ನು ಕೊಟ್ಟರೆ ಅವರು ಏನಂದುಕೊಂಡಾರು ಎಂಬ ಅಳುಕು ಇದ್ದೇ ಇದೆ. ಕೊಟ್ಟಿಗೆ ತುಂಬ ದನವಿರುವ ಗುಮಟಾಪುರದಂಥ ಊರಿನಲ್ಲಿ ಆ ಅಳುಕು ಇನ್ನೂ ಹೆಚ್ಚಿರುವುದು ನ್ಯಾಯವೇ. ಕರಾವಳಿಯಲ್ಲಿ ಕಣ್ಣ ಚಾ ಎಂದು ಎಷ್ಟೋ ಮನೆಗಳಲ್ಲಿ ಇದು ನಿತ್ಯದ ಟೀ. ಅದನ್ನು ಕುಡಿದವರ ಮರ್ಯಾದೆ ಕಡಿಮೆಯಾದದ್ದನ್ನು ಯಾರೂ ಕಂಡಿಲ್ಲ. ಹಾಲಿರುವ ಮನೆಯವರು ಹಾಲಿಲ್ಲದ ಟೀ ಮಾಡಿದರೆ ಅದು ಬಡತನವಾಗುವುದಿಲ್ಲ. ಆ ಹಾಲು ಮಕ್ಕಳ ಲೋಟಕ್ಕೂ ಹೆಪ್ಪಿಗೂ ಡೇರಿಗೂ ಹೋಗುತ್ತದೆ. ನೆಂಟರು ಬಂದಾಗ ಕಾಯಿಸಿದ ಹಾಲು, ಸಕ್ಕರೆ ಎರಡನ್ನೂ ಪಕ್ಕದಲ್ಲೇ ಇಟ್ಟು, ‘ಅಣ್ಣ, ನಿಮಗೆ ಗಟ್ಟಿ ಬೇಕೋ ತೆಳ್ಳಗೆ ಬೇಕೋ?’ ಎಂದು ಕೇಳಿ ಬೆರೆಸಬೇಕು. ಹಾಲೇ ಬೇಕೆಂದವರಿಗೆ ಆ ಡಿಕಾಕ್ಷನ್‌ಗೇ ಹಾಲು ಸೇರಿಸಿ ಕೊಡಬಹುದು. ಟೀ ಅಂಗಡಿಯ ಟೀಗೆ ಹತ್ತಿರದ ಟೀ ಅದು, ಕುದಿಸಿದ್ದಕ್ಕಿಂತ ಹಗುರ. ಬರಿಯ ಟೀಯನ್ನು ಮೊದಲ ಸಲ ಕುಡಿಯುವವರಿಗೆ ಕಾಲು ಪಾಲಿನಿಂದ ಶುರುಮಾಡಿ ಒಂದು ಚೂರು ಬೆಲ್ಲ ಕೊಡಿ. ತುರ್ಕಿಯ ಎರ್ಜುರುಮ್ ಕಡೆಯವರು ಗಟ್ಟಿ ಸಕ್ಕರೆಯ ತುಂಡನ್ನು ಬಾಯಲ್ಲಿಟ್ಟುಕೊಂಡು ಟೀಯನ್ನು ಅದರ ಮೇಲೆ ಹಾಯಿಸಿ ಕುಡಿಯುತ್ತಾರೆ. ಬೆಲ್ಲ ಕಚ್ಚಿಕೊಂಡು ಕುಡಿಯುವುದು ನಮ್ಮ ಹಳೆಯ ತಲೆಯವರಿಗೆ ಹೇಳಿಕೊಡಬೇಕಾದ ವಿದ್ಯೆಯೇನಲ್ಲ.